ಸೋಡಾನಾ, ಟಾನಿಕ್ಕಾ, ಜಿಂಜರ್ ಏಲಾ? ಮನೆಗೆ ಮಿಕ್ಸರ್ ಆರಿಸುವ ಬಗೆ, ಜೊತೆಗೆ ಯಾವ ತಿನಿಸು

ಉದ್ದನೆಯ ಗ್ಲಾಸಿನಲ್ಲಿ ಬೆರೆಸಿ ಕುಡಿಯುವ ಪಾನೀಯಕ್ಕೆ ಸಾಮಾನ್ಯವಾದ ಅಳತೆ ಒಂದು ಪಾಲು ಬೇಸ್ (ಮುಖ್ಯ ರುಚಿ ಕೊಡುವ ದ್ರವ), ಮೂರು ಪಾಲು ಮಿಕ್ಸರ್ (ಅದಕ್ಕೆ ಬೆರೆಸುವ ಸೋಡಾ, ಟಾನಿಕ್‌ನಂಥದ್ದು). ಬೇಸ್ ಎಂದು 45 ಮಿ.ಲೀ. ಜಿನ್ ಹಾಕಿ, ಗಟ್ಟಿ ಚಹಾ ಹಾಕಿ, ಹಣ್ಣಿನ ರಸ ಹಾಕಿ, ಅದರ ಮೇಲೆ ಬೀಳುವುದು 135 ಮಿ.ಲೀ. ಮಿಕ್ಸರ್. ಬಾಯಿಗೆ ಹೋಗುವುದರಲ್ಲಿ ಮುಕ್ಕಾಲು ಪಾಲು ಅದೇ. ಆದರೂ ಬೇಸ್ ಆರಿಸಲು ಲೇಬಲ್‌ನ ಅಕ್ಷರ ಅಕ್ಷರ ಓದುವವರು ಮಿಕ್ಸರ್ ವಿಷಯಕ್ಕೆ ಬಂದಾಗ ಕೈಗೆ ಸಿಕ್ಕ ಎರಡು ಲೀಟರ್ ಬಾಟಲಿ ಎತ್ತಿಕೊಂಡು ಬರುತ್ತಾರೆ. ಮನೆಯಲ್ಲಿ ಹೊಸ ರುಚಿ ಹುಡುಕುವವರು ಮೊದಲು ಬದಲಿಸಬೇಕಾದದ್ದು ಇದನ್ನು. ಖರ್ಚು ಕಡಿಮೆ, ಬದಲಾವಣೆ ಮಾತ್ರ ಮೊದಲ ಗುಟುಕಿನಲ್ಲೇ ಗೊತ್ತಾಗುತ್ತದೆ.

ಆರಿಸುವಾಗ ಬ್ರ್ಯಾಂಡ್ ಹೆಸರಿಗಿಂತ ಮಿಕ್ಸರ್ ಮಾಡುವ ಕೆಲಸ ನೋಡಬೇಕು. ಗುಳ್ಳೆ, ಹುಳಿ, ಸಿಹಿ, ಕಹಿ, ಖಾರ: ಈ ಐದರಲ್ಲಿ ಯಾವುದು ಬೇಕು ಎನ್ನುವುದನ್ನು ತಟ್ಟೆಯಲ್ಲಿರುವ ತಿನಿಸು ಹೇಳುತ್ತದೆ. ಹಾಗಾಗಿ ತಿನ್ನುವುದು ಏನು ಎಂದು ಮೊದಲು ಗೊತ್ತು ಮಾಡಿಕೊಂಡು, ಆಮೇಲೆ ಬಾಟಲಿ ತೆರೆಯುವುದು ಸರಿಯಾದ ಕ್ರಮ.

ಬಾಟಲಿಯಲ್ಲಿ ಸಿಗುವವು

ಸಾದಾ ಸೋಡಾ, ಕ್ಲಬ್ ಸೋಡಾ, ಗುಳ್ಳೆಯಿರುವ ಮಿನರಲ್ ವಾಟರ್, ಈ ಮೂರೂ ನೋಡಲು ಒಂದೇ. ಸಾದಾ ಸೋಡಾದಲ್ಲಿ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಬೇರೇನೂ ಇಲ್ಲ. ಕ್ಲಬ್ ಸೋಡಾಕ್ಕೆ ಸೋಡಿಯಂ ಬೈಕಾರ್ಬೊನೇಟ್‌ನಂಥ ಲವಣಗಳನ್ನು ಸೇರಿಸಿರುತ್ತಾರೆ. ಅದರಿಂದ ಹುಳಿಯ ಮೊನೆ ಸ್ವಲ್ಪ ಮೊಂಡಾಗುತ್ತದೆ, ಬಾಯಲ್ಲಿ ತುಸು ದುಂಡಗೆ ಅನ್ನಿಸುತ್ತದೆ. ಮಿನರಲ್ ವಾಟರ್‌ನಲ್ಲಿ ಲವಣಗಳು ನೆಲದಿಂದಲೇ ಬಂದಿರುತ್ತವೆ. ಕೆಲವು ಬಾಟಲಿಗಳಲ್ಲಿ ಎಷ್ಟಿರುತ್ತವೆಂದರೆ ನಿಂಬೆರಸದ ರುಚಿಯನ್ನೇ ತಿಂದುಹಾಕುತ್ತವೆ. ನಿಂಬೆ, ಶ್ರಬ್ (ವಿನೆಗರ್ ಸೇರಿಸಿದ ಹುಳಿ ಹಣ್ಣಿನ ಸಿರಪ್), ಹಣ್ಣಿನ ಸಿರಪ್ ಹಾಕುವುದಿದ್ದರೆ ಸಾದಾ ಸೋಡಾ ತೆಗೆದುಕೊಳ್ಳಿ. ವಿಸ್ಕಿಗೋ ಚಹಾಕ್ಕೋ ಬರೀ ಗುಳ್ಳೆ ಸಾಕೆನ್ನುವವರಿಗೆ ಕ್ಲಬ್ ಸೋಡಾ ವಾಸಿ. ಒಂದು ಮಾತು ಗಮನಿಸಿ: ಸೋಡಾದಲ್ಲಿ ಸಕ್ಕರೆ ಇಲ್ಲ. ಎಷ್ಟು ಸಿಹಿ ಬೇಕೆಂಬ ನಿರ್ಧಾರ ಪೂರ್ತಿ ನಿಮ್ಮ ಕೈಯಲ್ಲಿರುವ ಮಿಕ್ಸರ್ ಇದೊಂದೇ. ಮನೆಯಲ್ಲಿ ಒಂದೇ ಇಡಬೇಕೆಂದರೆ ಇದನ್ನೇ ಇಡಿ.

ಟಾನಿಕ್ ವಾಟರ್ ಬೇರೆಯದೇ ಜಾತಿ. ಸಿಂಕೋನಾ ಮರದ ತೊಗಟೆಯಲ್ಲಿರುವ ಕ್ವಿನೈನ್‌ನಿಂದ ಬರುವ ಕಹಿ, ಅದನ್ನು ಮುಚ್ಚಲು ಸಕ್ಕರೆ, ಎರಡನ್ನೂ ಎತ್ತಿ ಹಿಡಿಯಲು ಸಿಟ್ರಿಕ್ ಆಮ್ಲ. ಕಹಿ ಮುಂದೆ ಬರುವುದರಿಂದ ಸಿಹಿ ಗೊತ್ತಾಗುವುದಿಲ್ಲ, ಮೋಸ ಹೋಗುವುದು ಅಲ್ಲೇ. ಸಾಮಾನ್ಯ ಟಾನಿಕ್‌ಗಳಲ್ಲಿ 100 ಮಿ.ಲೀ.ಗೆ ಸುಮಾರು 8 ಗ್ರಾಂ ಸಕ್ಕರೆ ಇರುತ್ತದೆ. 150 ಮಿ.ಲೀ. ಸುರಿದರೆ 12 ಗ್ರಾಂ, ಅಂದರೆ ಮೂರು ಟೀ ಚಮಚ. ‘ಲೈಟ್’ ಎಂದು ಬರೆದಿರುವವುಗಳಲ್ಲಿ ಸಕ್ಕರೆ ಕಡಿಮೆ, ಕೆಲವದರಲ್ಲಿ ಸಕ್ಕರೆಯ ಬದಲು ಕೃತಕ ಸಿಹಿ. ಕೃತಕ ಸಿಹಿ ಬಹಳ ಹೊತ್ತು ನಾಲಿಗೆ ಮೇಲೆ ನಿಲ್ಲುತ್ತದೆ. ಕೆಲವರು ‘ಟಾನಿಕ್ ನನಗೆ ಆಗಿಬರುವುದಿಲ್ಲ’ ಎನ್ನಲು ಆ ಉಳಿಕೆ ರುಚಿಯೂ ಕಾರಣವಿರಬಹುದು. ಕಹಿ ತೀರಾ ಹೆಚ್ಚೆನಿಸಿದರೆ ಸಕ್ಕರೆಗೆ ಕೈ ಹಾಕಬೇಡಿ. ಉಪ್ಪು ನೀರು ಎರಡು ಹನಿ ಸಾಕು, ಸೋಡಿಯಂ ಕಹಿಯನ್ನು ನೇರವಾಗಿ ತಗ್ಗಿಸುತ್ತದೆ. 20 ಗ್ರಾಂ ಉಪ್ಪನ್ನು 80 ಮಿ.ಲೀ. ನೀರಿನಲ್ಲಿ ಕರಗಿಸಿ ಡ್ರಾಪರ್ ಬಾಟಲಿಯಲ್ಲಿ ಇಟ್ಟುಕೊಂಡರೆ ತಿಂಗಳುಗಟ್ಟಲೆ ಬರುತ್ತದೆ.

ಅಮೆರಿಕದ ನಿಯಮದಂತೆ ಟಾನಿಕ್‌ನಲ್ಲಿ ಲೀಟರಿಗೆ 83 ಮಿ.ಗ್ರಾಂ.ಗಿಂತ ಹೆಚ್ಚು ಕ್ವಿನೈನ್ ಇರುವಂತಿಲ್ಲ. ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಕ್ವಿನೈನ್ ಒಗ್ಗದವರು ಮುಟ್ಟಲೇಬಾರದು. ಗರ್ಭಿಣಿಯರು ಮತ್ತು ಹೃದಯ ಬಡಿತಕ್ಕೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಜಿಂಜರ್ ಏಲ್ ಮತ್ತು ಜಿಂಜರ್ ಬಿಯರ್ ನಡುವಿನ ಗೊಂದಲ ಯಾವಾಗಲೂ ಇರುವುದೇ. ಏಲ್ ಎಂದರೆ ಶುಂಠಿ ಪರಿಮಳದ ತಿಳಿಯಾದ, ಸಿಹಿ, ಸೌಮ್ಯ ಸೋಡಾ. ಜಿಂಜರ್ ಬಿಯರ್ ಮೂಲದಲ್ಲಿ ಹುದುಗು ಬರಿಸಿ ಮಾಡುತ್ತಿದ್ದದ್ದು. ಈಗ ಬಾಟಲಿಯಲ್ಲಿ ಬರುವುದರಲ್ಲಿ ಬಹುಪಾಲು ಹುದುಗು ಬರಿಸಿದ್ದಲ್ಲ, ಆದರೂ ಖಾರ ಹೆಚ್ಚು, ಮಬ್ಬಾಗಿರುತ್ತದೆ. ನಿಂಬೆ ಮತ್ತು ಬೇರೆ ಘಾಟು ರುಚಿಗಳನ್ನು ಹೊರುವ ಶಕ್ತಿ ಬಿಯರ್‌ಗೆ ಇದೆ, ಏಲ್‌ಗೆ ಇಲ್ಲ. ಏಲ್‌ಗೆ 15 ಮಿ.ಲೀ. ನಿಂಬೆರಸ ಹಾಕಿದರೆ ಶುಂಠಿ ಕಾಣೆಯಾಗಿ ಬರೀ ನಿಂಬೆ ಷರಬತ್ತು ಉಳಿಯುತ್ತದೆ.

ಕೋಲಾ, ಲೆಮನ್ ಲೈಮ್ ಸೋಡಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಹಿ ಅಷ್ಟೊಂದಿರುವಾಗ ಬೇಸ್ ಯಾವುದಾದರೂ ಒಂದೇ ಎನಿಸುತ್ತದೆ. ಹೊಸದನ್ನು ಹುಡುಕುವವರಿಗೆ ಅವು ದಾರಿ ಅಲ್ಲ. ಮಾಡಲೇಬೇಕಿದ್ದರೆ ಅರ್ಧ ಕೋಲಾ, ಅರ್ಧ ಸೋಡಾ ಸೇರಿಸಿ ನೋಡಿ.

ಕೊಳ್ಳುವುದೋ, ಮಾಡಿಕೊಳ್ಳುವುದೋ

ಟಾನಿಕ್ ಮನೆಯಲ್ಲಿ ಮಾಡುವುದು ಬೇಡ. ಸಿಂಕೋನಾ ತೊಗಟೆ ಕುದಿಸಿದಾಗ ಎಷ್ಟು ಕ್ವಿನೈನ್ ಇಳಿಯಿತೆಂದು ಅಳೆಯುವ ಉಪಾಯ ಅಡುಗೆಮನೆಯಲ್ಲಿ ಇಲ್ಲ, ಹೆಚ್ಚಾದರೆ ಕಿವಿಯಲ್ಲಿ ಮೊರೆತ, ತಲೆನೋವು ಬರುತ್ತದೆ. ಇದೊಂದನ್ನು ಬಾಟಲಿಯಲ್ಲೇ ಕೊಳ್ಳಿ. ಉಳಿದದ್ದರಲ್ಲಿ ಸಿರಪ್, ಶುಂಠಿ, ಶ್ರಬ್ ಮನೆಯದೇ ಮೇಲು.

ಸಕ್ಕರೆ ಪಾಕದಲ್ಲಿ ಎರಡು ಬಗೆ. ತೂಕದಲ್ಲಿ ಸಕ್ಕರೆ, ನೀರು ಸಮಸಮ ಹಾಕಿದ್ದು ತೆಳು ಪಾಕ. ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು ಹಾಕಿದ್ದು ಗಟ್ಟಿ ಪಾಕ. ತೆಳು ಪಾಕ 30 ಮಿ.ಲೀ.ನಲ್ಲಿ ಇರುವಷ್ಟು ಸಕ್ಕರೆ ಗಟ್ಟಿ ಪಾಕದ 20 ಮಿ.ಲೀ.ನಲ್ಲೇ ಇರುತ್ತದೆ (ಎರಡರಲ್ಲೂ ಸುಮಾರು 18 ಗ್ರಾಂ). ಇದು ಗೊತ್ತಿಲ್ಲದೆ ಒಂದರ ಅಳತೆಯಲ್ಲಿ ಇನ್ನೊಂದನ್ನು ಸುರಿಯುವುದರಿಂದಲೇ ಪಾನೀಯ ಕೆಡುವುದು ಹೆಚ್ಚು. ತೆಳುವಾದದ್ದು ಬೇಗ ಬೆರೆಯುತ್ತದೆ, ಫ್ರಿಜ್‌ನಲ್ಲಿ ಎರಡು ಮೂರು ವಾರ ಇರುತ್ತದೆ. ಗಟ್ಟಿಯಾದದ್ದು ಅದಕ್ಕಿಂತ ಬಹಳ ಕಾಲ ತಾಳುತ್ತದೆ, ಸಕ್ಕರೆ ಅಷ್ಟೊಂದಿರುವಾಗ ಬೂಸ್ಟಿಗೆ ಬೇಕಾದ ನೀರು ಸಿಗುವುದಿಲ್ಲ. ಸೋಡಾಕ್ಕೆ ಹಾಕುವುದಾದರೆ ಗಟ್ಟಿ ಪಾಕವೇ ಒಳ್ಳೆಯದು, ಗ್ಲಾಸಿಗೆ ಗುಳ್ಳೆಯಿಲ್ಲದ ನೀರು ಕಡಿಮೆ ಸೇರುತ್ತದೆ.

ಶುಂಠಿ ಸಿರಪ್ ಮಾಡುವಾಗ ಕುದಿಸಬಾರದು. ಹಸಿ ಶುಂಠಿಯ ಖಾರ ಇರುವುದು ಜಿಂಜರಾಲ್‌ನಲ್ಲಿ. ಕುದಿದಾಗ ಅದರಲ್ಲಿ ಸ್ವಲ್ಪ ಭಾಗ ಜಿಂಜರೋನ್ ಆಗಿ ಖಾರ ಇಳಿದು ಸಿಹಿ ಪರಿಮಳ ಬರುತ್ತದೆ, ಜೊತೆಗೆ ಶುಂಠಿಯ ಪಿಷ್ಟ ಬೆಂದು ಸಿರಪ್ ಗಂಜಿಯಂತೆ ಮಂದವಾಗುತ್ತದೆ. 150 ಗ್ರಾಂ ಶುಂಠಿ ತೊಳೆದು ತುರಿದು, ಬಟ್ಟೆಯಲ್ಲಿ ಬಲವಾಗಿ ಹಿಂಡಿ. ಶುಂಠಿ ಎಷ್ಟು ತಾಜಾ ಎನ್ನುವುದರ ಮೇಲೆ 50ರಿಂದ 70 ಮಿ.ಲೀ. ರಸ ಬರುತ್ತದೆ. ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟರೆ ತಳದಲ್ಲಿ ಬಿಳಿ ಪಿಷ್ಟ ಕೂರುತ್ತದೆ, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ರಸದ ತೂಕದಷ್ಟೇ ಸಕ್ಕರೆ ಹಾಕಿ ಕರಗುವವರೆಗೆ ಕಲಕಿ. 20 ಮಿ.ಲೀ. ಸಿರಪ್, 10 ಮಿ.ಲೀ. ನಿಂಬೆರಸ, 150 ಮಿ.ಲೀ. ಸೋಡಾ ಸೇರಿಸಿದರೆ ಅಂಗಡಿಯ ಯಾವ ಜಿಂಜರ್ ಬಿಯರ್‌ಗೂ ಕಡಿಮೆ ಇಲ್ಲ. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ಈ ರಸವನ್ನು ಹಾಲಿಗೆ ಸೇರಿಸಬೇಡಿ, ಹಸಿ ಶುಂಠಿಯಲ್ಲಿರುವ ಕಿಣ್ವ ಹಾಲನ್ನು ಒಡೆಯುತ್ತದೆ ಅಥವಾ ಗಟ್ಟಿ ಮಾಡುತ್ತದೆ.

ಶ್ರಬ್ ಎಂದರೆ ಹಣ್ಣು, ಸಕ್ಕರೆ, ವಿನೆಗರ್ ಸೇರಿದ ಹುಳಿ ಸಿರಪ್. ಮದ್ಯ ಬೇಡದವರಿಗೆ ಇದಕ್ಕಿಂತ ಒಳ್ಳೆಯ ಬೇಸ್ ಸಿಗುವುದು ಕಷ್ಟ. ಮಾಗಿದ ಹಣ್ಣು 250 ಗ್ರಾಂ, ಸಕ್ಕರೆ 250 ಗ್ರಾಂ ಕಿವುಚಿ, ಮುಚ್ಚಿ ಒಂದು ದಿನ ಫ್ರಿಜ್‌ನಲ್ಲಿಡಿ. ಸೋಸಿ, 5 ಶೇಕಡಾ ಆಮ್ಲದ ಸೇಬಿನ ವಿನೆಗರ್ 200 ಮಿ.ಲೀ. ಸೇರಿಸಿ. ಮಾಡಿದ ದಿನ ಕುಡಿದರೆ ಮೂಗಿಗೆ ಘಾಟು ಹೊಡೆಯುತ್ತದೆ. ನಾಲ್ಕೈದು ದಿನ ಬಿಟ್ಟರೆ ಹುಳಿ ಹಣ್ಣಿನೊಳಗೆ ಹೊಂದಿಕೊಳ್ಳುತ್ತದೆ. 25 ಮಿ.ಲೀ. ಶ್ರಬ್‌ಗೆ 150 ಮಿ.ಲೀ. ಸೋಡಾ. ಅಲ್ಯೂಮಿನಿಯಂ ಅಥವಾ ತಾಮ್ರದ ಪಾತ್ರೆ ಬಳಸಬೇಡಿ, ಆಮ್ಲಕ್ಕೆ ಲೋಹ ಬಿಡುತ್ತದೆ; ಗಾಜು ಅಥವಾ ಸ್ಟೀಲ್ ಸರಿ. ಬಿಳಿ ಸಂಶ್ಲೇಷಿತ ವಿನೆಗರ್ ಹಾಕಿದರೆ ಹುಳಿ ಬರುತ್ತದೆ, ರುಚಿ ಬರುವುದಿಲ್ಲ.

ಚಹಾವನ್ನು ಬೇಸ್ ಮಾಡುವವರು ತಣ್ಣೀರಿನಲ್ಲೇ ನೆನೆಸಬೇಕು. ಬಿಸಿಯಾಗಿ ಸೋಸಿದ ಗಟ್ಟಿ ಕಪ್ಪು ಚಹಾ ಫ್ರಿಜ್‌ಗೆ ಹೋದ ಮೇಲೆ ಕದಡಿದಂತಾಗುತ್ತದೆ, ಟ್ಯಾನಿನ್ ಮತ್ತು ಕೆಫೀನ್ ಕೂಡಿಕೊಂಡು ತೇಲುವುದೇ ಇದಕ್ಕೆ ಕಾರಣ. ಲೀಟರ್ ತಣ್ಣೀರಿಗೆ 10 ಗ್ರಾಂ ಎಲೆ, ಫ್ರಿಜ್‌ನಲ್ಲಿ ಎಂಟು ಗಂಟೆ. ಒಗರು ಕಡಿಮೆ, ಬಣ್ಣ ತಿಳಿ.

ಗುಳ್ಳೆ ಉಳಿಸುವ ಲೆಕ್ಕ

ಎಷ್ಟು ಒಳ್ಳೆಯ ಮಿಕ್ಸರ್ ತಂದರೂ ಗ್ಯಾಸ್ ಹೋದರೆ ಸಪ್ಪೆ. ಇಂಗಾಲದ ಡೈಆಕ್ಸೈಡ್ ತಣ್ಣೀರಿನಲ್ಲಿ ಹೆಚ್ಚು ಕರಗುತ್ತದೆ. ಸಾಮಾನ್ಯ ಒತ್ತಡದಲ್ಲಿ ಒಂದು ಲೀಟರ್ ನೀರು 0 ಡಿಗ್ರಿಯಲ್ಲಿ 1.7 ಲೀಟರಿನಷ್ಟು ಅನಿಲ ಹಿಡಿದರೆ, 20 ಡಿಗ್ರಿಯಲ್ಲಿ ಅದರ ಅರ್ಧಕ್ಕೆ ಇಳಿಯುತ್ತದೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ಬಿಯರ್ ಹುದುಗುತ್ತಿದ್ದ ತೊಟ್ಟಿಯ ಮೇಲೆ ನೀರು ಹಿಡಿದು ಗುಳ್ಳೆ ಸೇರಿಸಿದ ಕಾಲದಿಂದ ಈ ಲೆಕ್ಕ ಬದಲಾಗಿಲ್ಲ. ಕೋಣೆಯ ಬಿಸಿಯಲ್ಲಿದ್ದ ಬಾಟಲಿ ತೆರೆದೊಡನೆ ಬುಸ್ಸೆಂದು ಉಕ್ಕುವುದೂ ಇದಕ್ಕೇ.

‘ಐಸ್ ಹಾಕಿದರೆ ತಣ್ಣಗಾಗುತ್ತದಲ್ಲ’ ಎನ್ನುವವರಿಗೆ ಇನ್ನೊಂದು ಲೆಕ್ಕ. 180 ಮಿ.ಲೀ. ಪಾನೀಯವನ್ನು 25 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಸುಮಾರು 57 ಗ್ರಾಂ ಐಸ್ ಕರಗಬೇಕು. ಅದೇ ಪಾನೀಯ ಫ್ರಿಜ್‌ನಿಂದ 5 ಡಿಗ್ರಿಯಲ್ಲಿ ಬಂದಿದ್ದರೆ 11 ಗ್ರಾಂ ಸಾಕು. ಅಂದರೆ ಬಾಟಲಿಯನ್ನು ಮೊದಲೇ ತಣಿಸದವರು ತಾವಾಗಿಯೇ ಗ್ಲಾಸಿಗೆ 46 ಮಿ.ಲೀ. ನೀರು ಹೆಚ್ಚು ಸುರಿದುಕೊಂಡಂತೆ. ಮಿಕ್ಸರ್, ಬೇಸ್, ಗ್ಲಾಸ್ ಮೂರನ್ನೂ ತಣಿಸಿ, ಗ್ಲಾಸಿನ ತುಂಬ ಐಸ್ ಹಾಕಿ. ಐಸ್ ಹೆಚ್ಚು ಹಾಕಿದರೆ ನೀರಾಗುತ್ತದೆ ಎನ್ನುವ ನಂಬಿಕೆ ತಲೆಕೆಳಗು. ಎರಡೇ ತುಂಡು ಹಾಕಿದಾಗ ಅವು ಪೂರ್ತಿ ಕರಗಿಹೋಗುತ್ತವೆ, ಪಾನೀಯವೂ ಬೆಚ್ಚಗಾಗುತ್ತದೆ. ಐಸ್‌ಗೆ ಫ್ರೀಜರ್ ವಾಸನೆ ಬಂದಿದ್ದರೆ ಸೋಡಾದಲ್ಲಿ ಅದು ಮೊದಲು ಗೊತ್ತಾಗುತ್ತದೆ, ಟ್ರೇಗೆ ಮುಚ್ಚಳವಿರಲಿ.

ಸುರಿಯುವ ಕ್ರಮ: ಐಸ್, ಬೇಸ್, ಸಿರಪ್, ಹುಳಿ, ಇಷ್ಟನ್ನೂ ಕಲಕಿದ ಮೇಲೆ ಕೊನೆಗೆ ಮಿಕ್ಸರ್. ಗ್ಲಾಸನ್ನು ಓರೆ ಹಿಡಿದು ಗೋಡೆಯ ಮೇಲೆ ಇಳಿಬಿಡಿ, ಉದ್ದ ಚಮಚದಿಂದ ತಳದಿಂದ ಮೇಲಕ್ಕೆ ಒಮ್ಮೆ ಎತ್ತಿದರೆ ಮುಗಿಯಿತು. ಸೋಡಾ ಹಾಕಿದ ಮೇಲೆ ಒಣ ಸಕ್ಕರೆ, ಒಣ ಉಪ್ಪು ಹಾಕಬಾರದು. ಪ್ರತಿ ಹರಳಿನ ಮೇಲೂ ಗುಳ್ಳೆ ಹುಟ್ಟಿ ನೊರೆ ಗ್ಲಾಸಿನಿಂದ ಹೊರಗೆ ಬರುತ್ತದೆ. ಸೋಸದ ನಿಂಬೆರಸದ ತಿರುಳೂ ಅದೇ ಕೆಲಸ ನಿಧಾನವಾಗಿ ಮಾಡುತ್ತದೆ. ಕಾಫಿ ಟಾನಿಕ್ ಮಾಡುವಾಗ ಮಾತ್ರ ಕ್ರಮ ತಿರುಗುಮುರುಗು: ಐಸ್ ಮೇಲೆ 120 ಮಿ.ಲೀ. ಟಾನಿಕ್, ಅದರ ಮೇಲೆ ಚಮಚದ ಬೆನ್ನಿನ ಮೂಲಕ 40 ಮಿ.ಲೀ. ಎಸ್ಪ್ರೆಸೊ, ನಿಧಾನವಾಗಿ. ಕಾಫಿ ಮೇಲೆ ಟಾನಿಕ್ ಸುರಿದರೆ ಮೇಜು ಒರೆಸುವ ಕೆಲಸ ಬೀಳುತ್ತದೆ.

ಹಾಗಾದರೆ ಸಣ್ಣ ಬಾಟಲಿಯೋ, ದೊಡ್ಡದೋ, ಸೋಡಾ ಯಂತ್ರವೋ? ಒಬ್ಬಿಬ್ಬರಿರುವ ಮನೆಗೆ, ಅಥವಾ ಹಲವು ಬಗೆ ಸವಿದು ನೋಡುವ ಉದ್ದೇಶಕ್ಕೆ, 150ರಿಂದ 200 ಮಿ.ಲೀ. ಸಣ್ಣ ಬಾಟಲಿ ಅಥವಾ ಕ್ಯಾನ್. ಒಮ್ಮೆ ತೆರೆದರೆ ಅಲ್ಲೇ ಮುಗಿಯುತ್ತದೆ. ದೊಡ್ಡ ಬಾಟಲಿ ಹತ್ತು ಜನ ಸೇರಿದಾಗ ಸರಿ. ಅರ್ಧ ಉಳಿದ ಪ್ಲಾಸ್ಟಿಕ್ ಬಾಟಲಿಯನ್ನು ಹಿಚುಕಿ ಮುಚ್ಚಿಡುವ ಅಭ್ಯಾಸ ಬಿಡಿ: ಹಿಚುಕಿದ ಬಾಟಲಿ ಮತ್ತೆ ಉಬ್ಬಲು ಬೇಕಾದ ಗ್ಯಾಸ್ ನೀರಿನಿಂದಲೇ ಹೊರಡುತ್ತದೆ, ಉಳಿಸಲು ಹೋಗಿ ಕಳೆದುಕೊಂಡಂತಾಗುತ್ತದೆ. ಸೋಡಾ ಯಂತ್ರ ಲಾಭವಾಗುವುದು ದಿನವೂ ಸೋಡಾ ಕುಡಿಯುವವರಿಗೆ ಮಾತ್ರ. ಹೆಚ್ಚಿನ ಯಂತ್ರಗಳಲ್ಲಿ ಬರೀ ನೀರಿಗೆ ಗ್ಯಾಸ್ ತುಂಬಬೇಕು, ಸಿರಪ್ ಆಮೇಲೆ. ರಸ ಹಾಕಿ ತುಂಬಿದರೆ ನೊರೆ ಉಕ್ಕಿ ನಳಿಕೆ ಕಟ್ಟಿಕೊಳ್ಳುತ್ತದೆ. ಸೈಫನ್ ಬಾಟಲಿ (ಕ್ಯಾಪ್ಸೂಲಿನ ಗ್ಯಾಸ್ ತುಂಬಿ ಸೋಡಾ ಮಾಡುವ ಬಾಟಲಿ) ಇದ್ದರೆ ಒಂದು ಲೀಟರಿಗೆ 8 ಗ್ರಾಂ ಸೋಡಾ ಕ್ಯಾಪ್ಸೂಲ್. ಕ್ರೀಮ್ ನೊರೆಗೆಂದು ಸಿಗುವ ಕ್ಯಾಪ್ಸೂಲ್ ನೋಡಲು ಹಾಗೇ ಇದ್ದರೂ ಅದರಲ್ಲಿರುವುದು ನೈಟ್ರಸ್ ಆಕ್ಸೈಡ್, ಅದು ಸೋಡಾದ ಹುಳಿ ಚುಚ್ಚು ಕೊಡುವುದಿಲ್ಲ.

ಚಂದಾ ಕಟ್ಟಿದವರಿಗೆ ತಿಂಗಳಿಗೊಮ್ಮೆ ಮನೆಗೆ ಬರುವ ಮಿಕ್ಸರ್ ಪೆಟ್ಟಿಗೆಗಳ ಬಗ್ಗೆ ಒಂದೇ ಮಾತು. ಏನು ಕೊಳ್ಳಬೇಕೆಂದು ತೋಚದವರಿಗೆ ಮೊದಲ ಎರಡು ಪೆಟ್ಟಿಗೆ ಚೆನ್ನ. ಇಷ್ಟ ಏನೆಂದು ಗೊತ್ತಾದ ಮೇಲೆ ಬಿಡಿ ಬಾಟಲಿಗಳ ಮಿಶ್ರ ಪ್ಯಾಕ್ ಸಾಕು. ನಿಲ್ಲಿಸುವ ಷರತ್ತು ಓದಿಕೊಂಡೇ ಹಣ ಕಟ್ಟಿ.

ತಟ್ಟೆಗೆ ತಕ್ಕ ಗ್ಲಾಸು

ಕರಿದ ಆಲೂಗಡ್ಡೆ, ಕರಿದ ಮೀನು, ಬೆಣ್ಣೆ ಹೆಚ್ಚಿರುವ ಯಾವುದೇ ತಿನಿಸಿಗೆ ಗುಳ್ಳೆ ಮತ್ತು ಹುಳಿ ಬೇಕು. ಜಿಡ್ಡು ನಾಲಿಗೆ ಮೇಲೆ ಪದರವಾಗಿ ಕೂರುತ್ತದೆ, ಮುಂದಿನ ತುತ್ತಿನ ರುಚಿ ಮಂಕಾಗುತ್ತದೆ. ಸೋಡಾದ ಜೊತೆ 15 ಮಿ.ಲೀ. ನಿಂಬೆರಸ ಅಥವಾ ಶ್ರಬ್ ಅದನ್ನು ತೊಳೆದುಕೊಂಡು ಹೋಗುತ್ತದೆ. ಇಲ್ಲಿ ಸಿಹಿ ಮಿಕ್ಸರ್ ಆರಿಸಿದರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ.

ಉಪ್ಪಿನ ತಿನಿಸಿಗೆ ಟಾನಿಕ್. ಉಪ್ಪು ಹಾಕಿ ಹುರಿದ ಬಾದಾಮಿ, ಆಲಿವ್, ಹಳೆಯ ಗಟ್ಟಿ ಚೀಸ್ ತಿಂದು ಒಂದು ಗುಟುಕು ಟಾನಿಕ್ ಕುಡಿಯಿರಿ: ಕಹಿ ಹಿಂದೆ ಸರಿದು, ನಿಂಬೆಸಿಪ್ಪೆಯ ಪರಿಮಳ ಮುಂದೆ ಬರುತ್ತದೆ. ಮೇಲೆ ಹೇಳಿದ ಉಪ್ಪು ನೀರಿನ ಹನಿ ಮಾಡುವ ಕೆಲಸವನ್ನೇ ಇಲ್ಲಿ ತಿನಿಸು ಮಾಡುತ್ತಿದೆ. ನೀಲಿ ಚೀಸ್‌ಗೆ ಮಾತ್ರ ಟಾನಿಕ್ ಬೇಡ, ಅದರ ಉಪ್ಪು ಮತ್ತು ಘಾಟಿಗೆ ಸಿಹಿ ಜೋಡಿ, ಜಿಂಜರ್ ಏಲ್ ಅಥವಾ ಮಾಗಿದ ಪೇರಳೆಯ ರಸ.

ಖಾರದ ಊಟದಲ್ಲಿ ಬಹಳ ಜನ ಎಡವುತ್ತಾರೆ. ಉರಿಯುವ ಬಾಯಿಗೆ ತಣ್ಣನೆ ಸೋಡಾ ಹಿತ ಅನ್ನಿಸುವುದು ಗುಟುಕು ಇಳಿಯುವವರೆಗೆ. ಗುಳ್ಳೆಯ ಚುಚ್ಚನ್ನೂ ಮೆಣಸಿನ ಉರಿಯನ್ನೂ ಬಾಯಿ ನೋವಿನ ನರಗಳಿಂದಲೇ ಗ್ರಹಿಸುವುದರಿಂದ ಎರಡೂ ಒಂದರ ಮೇಲೊಂದು ಏರುತ್ತವೆ. ಮದ್ಯವೂ ಉರಿ ಹೆಚ್ಚಿಸುತ್ತದೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಹಾಲಿನ ಪ್ರೋಟೀನ್ ಕೇಸೀನ್ ಮತ್ತು ಕೊಬ್ಬು ಅದನ್ನು ಎತ್ತಿಕೊಂಡು ಹೋಗುತ್ತವೆ. ಖಾರಕ್ಕೆ ಹಾಲು ಅಥವಾ ಮೊಸರಿನ ಪಾನೀಯ ಮೊದಲ ಆಯ್ಕೆ. ಅದು ಬೇಡವಾದರೆ ಗುಳ್ಳೆಯಿಲ್ಲದ, ಸಿಹಿಯಾದ ಹಣ್ಣಿನ ರಸ. ಜಿಂಜರ್ ಬಿಯರ್ ಅಂತೂ ಉರಿಯುವ ಬೆಂಕಿಗೆ ತುಪ್ಪ. ಹಾಲಿನ ಪಾನೀಯಕ್ಕೆ ನಿಂಬೆರಸ ಹಿಂಡಬೇಡಿ, ಹುಳಿಯ ಅಳತೆಯಾದ ಪಿಎಚ್ 4.6ರ ಹತ್ತಿರ ಇಳಿದೊಡನೆ ಹಾಲು ಒಡೆಯುತ್ತದೆ.

ಕೆಂಡದಲ್ಲಿ ಸುಟ್ಟ ಮಾಂಸ, ಹುರಿದ ಅಣಬೆ: ಇವಕ್ಕೆ ತಣ್ಣೀರಿನಲ್ಲಿ ನೆನೆಸಿದ ಕಪ್ಪು ಚಹಾ, ಕ್ಲಬ್ ಸೋಡಾ. ಚಹಾದ ಒಗರು ಮಾಂಸದ ಕೊಬ್ಬು ಮತ್ತು ಪ್ರೋಟೀನ್ ಮುಂದೆ ಮೆತ್ತಗಾಗುತ್ತದೆ. ಜಿಡ್ಡಿಲ್ಲದ ಅಣಬೆಗೆ ಅದೇ ಚಹಾ ಕಹಿಯಾಗಿ ಕಂಡರೆ ಅಣಬೆಗೆ ಸ್ವಲ್ಪ ಬೆಣ್ಣೆ, ಉಪ್ಪು ಹೆಚ್ಚಿಸಿ, ಚಹಾ ಹಾಗೇ ಇರಲಿ.

ಸಿಹಿತಿನಿಸಿನ ಜೊತೆ ಪಾನೀಯ ತಿನಿಸಿನಷ್ಟಾದರೂ ಸಿಹಿ ಇರಬೇಕು, ಇಲ್ಲದಿದ್ದರೆ ಗ್ಲಾಸಿನಲ್ಲಿರುವುದು ಹುಳಿಯೆಂದೇ ಅನ್ನಿಸುತ್ತದೆ. ಡಾರ್ಕ್ ಚಾಕೊಲೇಟ್ ಈ ನಿಯಮಕ್ಕೆ ಹೊರತು: ಅದಕ್ಕೆ ಕಾಫಿ ಟಾನಿಕ್ ಅಥವಾ ರಾಸ್ಪ್‌ಬೆರಿ ಶ್ರಬ್ ಹೊಂದುತ್ತದೆ.

ಮದ್ಯ ಇದ್ದರೆ, ಇಲ್ಲದಿದ್ದರೆ

40 ಶೇಕಡಾದ 45 ಮಿ.ಲೀ. ಮದ್ಯದಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 14 ಗ್ರಾಂ. ಅಳತೆಯ ಕಪ್ಪಿಲ್ಲದೆ ಕೈಲೆಕ್ಕದಲ್ಲಿ ಸುರಿದರೆ ಇದು ಸುಲಭವಾಗಿ ಒಂದೂವರೆ ಪಟ್ಟು ಆಗುತ್ತದೆ, ರುಚಿಯ ಹದವೂ ಅಷ್ಟೇ ಕೆಡುತ್ತದೆ. ಆರೋಗ್ಯದ ದೃಷ್ಟಿಯಿಂದ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮದ್ಯ ಬಿಟ್ಟು ಮಾಡುವಾಗ ಆ ಜಾಗಕ್ಕೆ ಬರೀ ರಸ ಹಾಕಿದರೆ ಷರಬತ್ತಾಗುತ್ತದೆ, ಏಕೆಂದರೆ ಮದ್ಯ ಗಂಟಲಿಗೆ ಚುರುಕನ್ನೂ ಬಾಯಿಗೆ ತೂಕವನ್ನೂ ಕೊಡುತ್ತಿತ್ತು. ಚುರುಕಿಗೆ ಶುಂಠಿ ಅಥವಾ ವಿನೆಗರ್, ತೂಕಕ್ಕೆ ಗಟ್ಟಿ ಪಾಕ 10 ಮಿ.ಲೀ., ಒಗರಿಗೆ ಚಹಾ, ಮೂರೂ ಸೇರಿದಾಗ ದೊಡ್ಡವರು ಕುಡಿಯುವ ಪಾನೀಯ ಎನ್ನಿಸುತ್ತದೆ. ಬಿಟರ್ಸ್ (ಪರಿಮಳಕ್ಕೆ ಹನಿಸುವ ಕಹಿ ಸಾರ) ಹಾಕುವ ಮುನ್ನ ಗೊತ್ತಿರಲಿ: ಆಂಗೊಸ್ಟುರಾ ಬಿಟರ್ಸ್‌ನಲ್ಲಿ 44.7 ಶೇಕಡಾ ಆಲ್ಕೋಹಾಲ್ ಇದೆ. ಎರಡು ಹನಿಯಿಂದ ಅಮಲಿಲ್ಲ, ಆದರೆ ಮದ್ಯ ಮುಟ್ಟದ ಅತಿಥಿಗೆ ಹೇಳದೆ ಹಾಕುವಂತಿಲ್ಲ. ಹಾಗೇ ಗ್ರೇಪ್‌ಫ್ರೂಟ್ ರಸ ಕೊಡುವ ಮೊದಲು ಕೇಳಿ. ಕೊಲೆಸ್ಟ್ರಾಲ್, ರಕ್ತದೊತ್ತಡದ ಕೆಲವು ಮಾತ್ರೆಗಳ ಪ್ರಮಾಣವನ್ನು ಅದು ರಕ್ತದಲ್ಲಿ ಏರಿಸುತ್ತದೆ.

ಹೋಲಿಸಿ ಸವಿಯುವಾಗ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬೇಸ್ ಅದೇ, ಅಳತೆ ಅದೇ, ಐಸ್ ಅಷ್ಟೇ, ಮಿಕ್ಸರ್ ಮಾತ್ರ ಬೇರೆ. ಸಣ್ಣ ಗ್ಲಾಸುಗಳಲ್ಲಿ 10 ಮಿ.ಲೀ. ಬೇಸ್, 30 ಮಿ.ಲೀ. ಮಿಕ್ಸರ್ ಸಾಕು. ನಾಲ್ಕಕ್ಕಿಂತ ಹೆಚ್ಚು ಇಟ್ಟುಕೊಂಡರೆ ನಾಲಿಗೆ ದಣಿಯುತ್ತದೆ. ಸೌಮ್ಯವಾದದ್ದು ಮೊದಲು, ಕಹಿ ಮತ್ತು ಖಾರ ಕೊನೆಗೆ. ಟಾನಿಕ್ ಕುಡಿದ ಬಾಯಿಗೆ ಸೋಡಾ ಸಿಹಿಯಾಗಿಯೂ ಕಾಣಬಹುದು. ನಡುವೆ ಸಾದಾ ನೀರು, ಉಪ್ಪಿಲ್ಲದ ಬ್ರೆಡ್. ಗ್ಲಾಸಿನ ತಳಕ್ಕೆ ಸಂಖ್ಯೆ ಅಂಟಿಸಿ ಇನ್ನೊಬ್ಬರ ಕೈಯಲ್ಲಿ ಸ್ಥಳ ಬದಲಿಸಿದರೆ ಬಾಟಲಿಯ ಚೆಂದಕ್ಕೆ ಮರುಳಾಗುವುದು ತಪ್ಪುತ್ತದೆ. ಮೊದಲು ಪಾನೀಯವನ್ನಷ್ಟೇ, ಆಮೇಲೆ ಒಂದು ತುತ್ತು ತಿಂದು ಮತ್ತೆ ಅದೇ ಗುಟುಕು. ಒಂಟಿಯಾಗಿ ಗೆದ್ದದ್ದು ತಿನಿಸಿನ ಜೊತೆ ಸೋಲುವುದು ಸಾಮಾನ್ಯ. ಸಿಹಿಯ ಹದವನ್ನು ಕುಡಿಯುವ ತಂಪಿನಲ್ಲೇ ನೋಡಬೇಕು, ತಣ್ಣಗಾದಾಗ ಸಿಹಿ ಕಡಿಮೆ ತಿಳಿಯುತ್ತದೆ. ಬೆಚ್ಚಗಿರುವಾಗ ಸರಿಯೆನಿಸಿದ ಷರಬತ್ತು ಐಸ್ ಬಿದ್ದ ಮೇಲೆ ಹುಳಿ ಹೊಡೆಯುವುದು ಅದರಿಂದಲೇ.

ಸವಿದು ಉಳಿದ, ಗ್ಯಾಸ್ ಹೋದ ಟಾನಿಕ್ ಅನ್ನು ಚೆಲ್ಲಬೇಕಿಲ್ಲ. ಐಸ್ ಟ್ರೇಗೆ ಸುರಿದಿಡಿ. ಸಕ್ಕರೆ ಇರುವುದರಿಂದ ಆ ತುಂಡುಗಳು ಮೆತ್ತಗೆ ಹೆಪ್ಪುಗಟ್ಟುತ್ತವೆ, ಬೇಗ ಕರಗುತ್ತವೆ, ಆದರೆ ಮುಂದಿನ ಸಲದ ಟಾನಿಕ್ ಅನ್ನು ನೀರು ಮಾಡುವುದಿಲ್ಲ.